ಕಾವಲೂ ಬೇಕು, ಬೇರೆ ಬಟ್ಟಲೂ ಬೇಕು

ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಬಾರದೆಂದು ನಮಗೆ ಯಾರೂ ಪಾಠ ಹೇಳಿಕೊಟ್ಟದ್ದಲ್ಲ. ಅಮ್ಮನೋ ಅತ್ತೆಯೋ ಒಮ್ಮೆ ಗದರಿದ್ದೇ ಸಾಕು, ಜನ್ಮಕ್ಕಾಯಿತು. ಭರಣಿಯಿಂದ ಒಣ ಸೌಟಿನಲ್ಲಿ ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಬಾಟಲಿಗೆ ತೆಗೆದಿಡುತ್ತೇವೆ. ಮಕ್ಕಳು ಕೈ ಹಾಕುವುದು, ನೆಂಟರು ನೀರು ಸೋಕಿಸುವುದು ಎಲ್ಲ ಆ ಬಾಟಲಿಗೆ. ಬೂಷ್ಟು ಹಿಡಿದರೆ ಬಾಟಲಿಯಲ್ಲಿದ್ದಷ್ಟನ್ನು ಚೆಲ್ಲಿದರಾಯಿತು. ವರ್ಷದ ಭರಣಿ ಅಟ್ಟದ ಮೂಲೆಯಲ್ಲಿ ಕ್ಷೇಮವಾಗಿರುತ್ತದೆ.

ಇದೇನು, ಕಂಪ್ಯೂಟರಿನ ವಿಷಯ ಬರೆಯುತ್ತೇನೆಂದು ಹೇಳಿ ಉಪ್ಪಿನಕಾಯಿ ಪುರಾಣ ತೆಗೆದಳಲ್ಲ ಎನ್ನಬೇಡಿ. ಸೋದರಿಯರೇ, ಇಂದು ಲ್ಯಾಪ್‌ಟಾಪು ಎಂಬುದು ನಮ್ಮ ಮನೆಗಳಲ್ಲಿ ಮಿಕ್ಸಿಯ ಪಕ್ಕದ ಸಾಮಾನಾಗಿಬಿಟ್ಟಿದೆ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಕರೆಂಟ್ ಬಿಲ್ಲು, ರವಿಕೆಯ ಕಸೂತಿ ಡಿಸೈನು, ಬ್ಯಾಂಕಿನ ಲೆಕ್ಕ ಎಲ್ಲಕ್ಕೂ ಅದೇ ಒಂದು ಪೆಟ್ಟಿಗೆ. ಆದರೆ ಭರಣಿಗೆ ಇರುವ ಮಡಿ ಅದಕ್ಕಿಲ್ಲ. ಆ ಮಡಿಯನ್ನು ಹೇಗೆ ಕಾಯಬೇಕೆಂದು ನಾನು ಕಲಿತದ್ದು 18,500 ರೂಪಾಯಿ ಕೈಬಿಟ್ಟ ಮೇಲೆ. ನೀವು ಖರ್ಚಿಲ್ಲದೆ ಕಲಿಯಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಆದದ್ದು

ನಮ್ಮದು ಕಕ್ಕಿಂಜೆ. ಉಜಿರೆಯಿಂದ ಚಾರ್ಮಾಡಿ ಘಾಟಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಮಳೆಗಾಲದಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ರವಿಕೆ ಹೊಲಿಯುವ ಕೆಲಸ ನನಗೆ ಕಾಲಕ್ಷೇಪವೂ ಹೌದು, ನಾಲ್ಕು ಕಾಸಿನ ದಾರಿಯೂ ಹೌದು. ಡಿಸೈನು ಹುಡುಕಲೆಂದು ಮಗ ತನ್ನ ಹಳೆಯ ಲ್ಯಾಪ್‌ಟಾಪು ನನಗೆ ಬಿಟ್ಟುಕೊಟ್ಟ. ಆದರೆ ಈ ಉಚಿತ ಡಿಸೈನಿನ ಪುಟಗಳಿವೆಯಲ್ಲ, ಜಾತ್ರೆಯ ಸಂತೆ ಇದ್ದ ಹಾಗೆ. ಒಂದು ಒತ್ತಿದರೆ ಹತ್ತು ಕಿಟಕಿ ತೆರೆದುಕೊಳ್ಳುತ್ತವೆ. ಒಮ್ಮೆ ಡಿಸೈನಿನ ಹೆಸರಿನಲ್ಲಿ ಎಂತದೋ ಇಳಿದು, ಲ್ಯಾಪ್‌ಟಾಪು ತುಂಬಾ ಜಾಹೀರಾತು ಕುಣಿಯತೊಡಗಿತು.

ಅದನ್ನು ಸರಿ ಮಾಡಿದ ಮಗ ಒಂದು ಹೊಸ ಏರ್ಪಾಡು ಮಾಡಿದ. "ಅಮ್ಮ, ಇನ್ನು ಡಿಸೈನು ನೋಡುವುದಾದರೆ ಈ ಹಳದಿ ಗೆರೆಯ ಕಿಟಕಿಯಲ್ಲೇ ನೋಡು ಆಯ್ತಾ? ಇದು ಸ್ಯಾಂಡ್‌ಬಾಕ್ಸ್. ಇದರೊಳಗೆ ಎಂತ ಬಂದರೂ ಹೊರಗೆ ಬರುವುದಿಲ್ಲ" ಎಂದ. ನನಗೋ ಸ್ವರ್ಗ ಸಿಕ್ಕಿದಂತಾಯಿತು.

ಆದರೆ ಆ ಕಿಟಕಿಯಲ್ಲಿ ಪುಟಗಳು ತಡವಾಗಿ ತೆರೆಯುತ್ತಿದ್ದವು. ಕೆಲವು ಬಿಳೀ ಹಾಳೆಯಾಗಿಯೇ ನಿಲ್ಲುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದ ಆಂಟಿವೈರಸ್ಸಿನ 'ವೆಬ್ ರಕ್ಷಣೆ' ಮತ್ತು ಈ ಹೊಸ ಪೆಟ್ಟಿಗೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೇಗೂ ಪೆಟ್ಟಿಗೆಯೊಳಗೆ ಇದ್ದೇನಲ್ಲ, ಇನ್ನು ಕಾವಲುಗಾರ ಯಾಕೆ ಎಂದುಕೊಂಡು ವೆಬ್ ರಕ್ಷಣೆಯನ್ನು ನಾನೇ ಆರಿಸಿಬಿಟ್ಟೆ. ಪುಟಗಳು ಸರಾಗವಾಗಿ ತೆರೆದವು. ಮಗನಿಗೆ ಹೇಳಲೂ ಇಲ್ಲ.

ಹದಿನೈದು ದಿನ ಕಳೆದಿರಬಹುದು. ನಮ್ಮ ಸ್ವಸಹಾಯ ಸಂಘದ ಹನ್ನೆರಡು ಮಂದಿಯ ಕಂತು, ತಲಾ 600ರಂತೆ 7,200 ರೂಪಾಯಿ, ನನ್ನ ಖಾತೆಗೆ ಬಂದಿತ್ತು. ಮರುದಿನ ಕಟ್ಟಬೇಕು. ಎಲ್ಲರದ್ದೂ ಬಂದಿದೆಯೇ ನೋಡೋಣವೆಂದು ಸಂಜೆ ದೀಪ ಹಚ್ಚಿ ಅದೇ ಹಳದಿ ಗೆರೆಯ ಕಿಟಕಿಯಲ್ಲಿ ಬ್ಯಾಂಕಿನ ಹೆಸರು ಬರೆದು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದೆ. ಅದು ಯಾರೋ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಂದು ಗಮನಿಸಲಿಲ್ಲ. ಬಣ್ಣ, ಗುರುತು, ಅಕ್ಷರ ಎಲ್ಲ ಬ್ಯಾಂಕಿನದ್ದೇ. ಹೆಸರು ಹಾಕಿದೆ, ಪಾಸ್‌ವರ್ಡ್ ಹಾಕಿದೆ, ಫೋನಿಗೆ ಬಂದ ಓಟಿಪಿಯನ್ನೂ ಹಾಕಿದೆ. "ಸ್ವಲ್ಪ ಹೊತ್ತು ಕಾಯಿರಿ" ಎಂದಿತು. ಕಾದೆ. ಬಂದದ್ದು ಮೆಸೇಜು: ಸಂಘದ 7,200, ನನ್ನ ಹೊಲಿಗೆಯ 11,300, ಒಟ್ಟು 18,500 ರೂಪಾಯಿ ಖಾತೆಯಿಂದ ಹೋಗಿದೆ!

ಮಗ ಓಡಿ ಬಂದು ನೋಡಿದ. "ಬಾಕ್ಸ್ ಕ್ಲೀನ್ ಉಂಟಮ್ಮ. ವೈರಸ್ ಎಂತದ್ದೂ ಬರಲಿಲ್ಲ. ಪಾಸ್‌ವರ್ಡು ನೀನೇ ಕೊಟ್ಟದ್ದಲ್ವಾ?" ಎಂದ. ಆ ಮಾತು ಇನ್ನೂ ಎದೆಯಲ್ಲಿ ಕೂತಿದೆ. ಪೆಟ್ಟಿಗೆ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ನಾನು ಆರಿಸಿದ ಕಾವಲಿನ ಕೆಲಸವನ್ನು ಅದು ಮಾಡಲಾರದು, ಅಷ್ಟೇ. ಎರಡು ದಿನ ಬಿಟ್ಟು ವೆಬ್ ರಕ್ಷಣೆ ಹಾಕಿ ಮಗ ಅದೇ ವಿಳಾಸ ತೆರೆದು ತೋರಿಸಿದ. ಕೆಂಪು ಪುಟ ಬಂದು ತಡೆಯಿತು.

ಕಾವಲುಗಾರ ಏನು ಮಾಡುತ್ತಾನೆ?

ಆಂಟಿವೈರಸ್ಸಿನಲ್ಲಿ ಎರಡು ಕೆಲಸಗಳಿವೆ. ಒಂದು, ಲ್ಯಾಪ್‌ಟಾಪಿನೊಳಗೆ ಬಂದ ಕಡತಗಳನ್ನು ತಪಾಸಣೆ ಮಾಡುವುದು. ಇನ್ನೊಂದು, ಗೇಟಿನಲ್ಲೇ ನಿಂತು, ನೀವು ಯಾವ ಪುಟಕ್ಕೆ ಹೊರಟಿರೆಂದು ನೋಡಿ ಕೆಟ್ಟ ವಿಳಾಸವಾದರೆ ತಡೆಯುವುದು. ಈ ಎರಡನೆಯದೇ ವೆಬ್ ರಕ್ಷಣೆ. ಮೋಸದ ವಿಳಾಸಗಳ ಪಟ್ಟಿ ಕಂಪೆನಿಯವರಲ್ಲಿರುತ್ತದೆ, ಪಟ್ಟಿ ದಿನದಿನವೂ ಬೆಳೆಯುತ್ತದೆ.

ಈಗ ಹೆಚ್ಚಿನ ಪುಟಗಳು ಲಕೋಟೆಗೆ ಅಂಟು ಹಾಕಿದ ಕಾಗದದಂತೆ ಮುಚ್ಚಿಕೊಂಡೇ ಬರುತ್ತವೆ. ಕೆಲವು ಆಂಟಿವೈರಸ್‌ಗಳು ಹೊರಗಿನ ವಿಳಾಸ ಮಾತ್ರ ಓದುತ್ತವೆ. ಕೆಲವು ತಮ್ಮದೇ ಒಂದು ಪ್ರಮಾಣಪತ್ರವನ್ನು ಲ್ಯಾಪ್‌ಟಾಪಿನಲ್ಲಿಟ್ಟು ಲಕೋಟೆ ಬಿಚ್ಚಿ ಒಳಗನ್ನೂ ನೋಡುತ್ತವೆ. ಇನ್ನು ಕೆಲವು, ಬ್ರೌಸರಿಗೆ ಜೋಡಿಸಿದ ಒಂದು ಸಣ್ಣ ತುಂಡಿನ ಮೂಲಕ ಕೆಲಸ ಮಾಡುತ್ತವೆ. ನಿಮ್ಮದು ಯಾವ ರೀತಿಯದೆಂದು ಮಕ್ಕಳ ಹತ್ತಿರ ಕೇಳಿ ತಿಳಿದುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಒಂದು ಮಾತು. ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಪುಟ ಒಳ್ಳೆಯದೆಂದು ನಂಬಿದ ಕಾಲವಿತ್ತು. ಬೀಗವೆಂದರೆ ಲಕೋಟೆಗೆ ಅಂಟು ಹಾಕಿದೆ ಎಂದಷ್ಟೇ ಅರ್ಥ. ಬರೆದವ ಕಳ್ಳನೋ ಸಾಚಾನೋ ಅದು ಹೇಳದು. ಜನ ತಪ್ಪು ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ಬ್ರೌಸರಿನವರು ಆ ಬೀಗದ ಚಿತ್ರವನ್ನು ತೆಗೆದುಹಾಕಿದರು.

ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಲಾಗದಿದ್ದರೂ ಕಾವಲಿಲ್ಲದೆ ಇರಬೇಕಾಗಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಉಚಿತವಾಗಿಯೇ ಬಂದಿರುತ್ತದೆ. ಎಡ್ಜ್ ಬ್ರೌಸರಿನಲ್ಲಿ ಸ್ಮಾರ್ಟ್‌ಸ್ಕ್ರೀನ್, ಕ್ರೋಮ್‌ನಲ್ಲಿ ಸೇಫ್ ಬ್ರೌಸಿಂಗ್ ಎಂಬ ಕಾವಲುಗಳಿವೆ. ಅವನ್ನು ಆರಿಸದಿದ್ದರೆ ಸಾಕು. ಆದರೆ ಒಂದೇ ಲ್ಯಾಪ್‌ಟಾಪಿಗೆ ಎರಡು ಕಂಪೆನಿಯ ಆಂಟಿವೈರಸ್ ಹಾಕಬೇಡಿ. ಒಬ್ಬರನ್ನೊಬ್ಬರು ಕಳ್ಳನೆಂದು ಹಿಡಿಯುತ್ತಾ ಯಂತ್ರವೇ ನಿಂತುಹೋಗುತ್ತದೆ.

ಮರಳ ಪೆಟ್ಟಿಗೆ ಎಂದರೇನು?

ಸ್ಯಾಂಡ್‌ಬಾಕ್ಸ್ ಎಂದರೆ ಮಕ್ಕಳು ಆಡಲೆಂದು ಮರಳು ತುಂಬಿದ ಕಟ್ಟೆ. ಮಗು ಅದರೊಳಗೆ ಮನೆ ಕಟ್ಟಲಿ, ಕೆಡವಲಿ, ಮರಳು ಚಾವಡಿಗೆ ಬರುವುದಿಲ್ಲ. ಹಾಗೆಯೇ ಬ್ರೌಸರನ್ನು ಒಂದು ಕಟ್ಟೆಯೊಳಗೆ ಕೂರಿಸುವುದು. ಅದು ಬರೆದದ್ದು, ಇಳಿಸಿಕೊಂಡದ್ದು ಎಲ್ಲ ಆ ಕಟ್ಟೆಯೊಳಗಿನ ಬೇರೆ ಜಾಗದಲ್ಲೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಗುಡಿಸಿ ಹಾಕಿದರಾಯಿತು. ನಾನು ಮೊದಲು ಹೇಳಿದ ಚಿಕ್ಕ ಬಾಟಲಿ ಇದೇ.

ಇದರಲ್ಲಿ ಮೂರು ಬಗೆ. ಮೊದಲನೆಯದು ಬ್ರೌಸರಿನಲ್ಲೇ ಹುಟ್ಟಿನಿಂದ ಬಂದದ್ದು. 2008ರಲ್ಲಿ ಕ್ರೋಮ್ ಬಂದಾಗಲೇ ಪುಟಗಳನ್ನು ಇಂಥ ಗೋಡೆಯೊಳಗಿಟ್ಟು ತೆರೆಯುವ ಏರ್ಪಾಡು ಅದರಲ್ಲಿತ್ತು. ಈಗ ಬೇರೆ ದೊಡ್ಡ ಬ್ರೌಸರುಗಳಲ್ಲೂ ಇದೆ. ಆದರೆ ನೀವೇ ಇಳಿಸಿಕೊಂಡು ತೆರೆದ ಕಡತವನ್ನು ಇದು ಹಿಡಿದಿಡದು.

ಎರಡನೆಯದು ಬೇರೆಯಾಗಿ ಹಾಕಿಕೊಳ್ಳುವ ಸ್ಯಾಂಡ್‌ಬಾಕ್ಸಿ ಎಂಬ ಸಾಧನ. 2004ರಲ್ಲಿ ರೋನೆನ್ ಟ್ಸುರ್ ಎಂಬವರು ಮಾಡಿದ್ದು. ಆಮೇಲೆ ಕಂಪೆನಿಗಳ ಕೈ ಬದಲಾಗಿ, 2020ರಲ್ಲಿ ಸೋಫೋಸ್ ಕಂಪೆನಿ ಅದರ ಮೂಲವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇದರೊಳಗಿರುವ ಕಿಟಕಿಗೆ ಹಳದಿ ಗೆರೆ ಕಾಣುತ್ತದೆ. ಮಗ ನನಗೆ ಹಾಕಿಕೊಟ್ಟದ್ದು ಇದನ್ನೇ.

ಮೂರನೆಯದು ವಿಂಡೋಸ್ ಸ್ಯಾಂಡ್‌ಬಾಕ್ಸ್. 2019ರಲ್ಲಿ ಬಂತು. ಲ್ಯಾಪ್‌ಟಾಪಿನೊಳಗೆ ಇನ್ನೊಂದು ಹೊಚ್ಚಹೊಸ ಲ್ಯಾಪ್‌ಟಾಪು ತೆರೆದಂತೆ ತೆರೆಯುತ್ತದೆ, ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ. ಒಳ್ಳೆಯದೇ, ಆದರೆ ವಿಂಡೋಸಿನ 'ಪ್ರೊ' ಮೊದಲಾದ ಬಗೆಗಳಲ್ಲಿ ಮಾತ್ರ ಇದೆ. ನಮ್ಮ ಮನೆಗಳಿಗೆ ಸಾಮಾನ್ಯವಾಗಿ ಬರುವ 'ಹೋಮ್' ಬಗೆಯಲ್ಲಿ ಇಲ್ಲ.

ಇಬ್ಬರೂ ಒಂದೇ ಮನೆಯಲ್ಲಿ ಇರಬಹುದೇ?

ಧಾರಾಳವಾಗಿ ಇರಬಹುದು. ಇರಲೇಬೇಕು. ಕಾವಲುಗಾರನಿಗೆ ಪಟ್ಟಿಯಲ್ಲಿರುವ ಕಳ್ಳನ ಗುರುತು ಗೊತ್ತು. ನಿನ್ನೆ ಹುಟ್ಟಿದ ಕಳ್ಳನ ಗುರುತು ಕೆಲವೊಮ್ಮೆ ತಿಳಿಯದು. ಪೆಟ್ಟಿಗೆಗೆ ಯಾರ ಗುರುತೂ ಬೇಡ, ಬಂದವರನ್ನೆಲ್ಲ ಜಗಲಿಯಲ್ಲೇ ಕೂರಿಸುತ್ತದೆ. ಆದರೆ ಜಗಲಿಯಲ್ಲಿ ಕೂತವನ ಮಾತಿಗೆ ಮರುಳಾಗಿ ನೀವೇ ಬೀರುವಿನ ಬೀಗದ ಕೈ ಕೊಟ್ಟರೆ ಅದು ಏನು ಮಾಡೀತು? ಒಬ್ಬರಿಂದ ಆಗದ್ದನ್ನು ಇನ್ನೊಬ್ಬರು ನೋಡಿಕೊಳ್ಳಬೇಕು.

ಜಗಳ ಬರುವುದು ಇಬ್ಬರೂ ಬ್ರೌಸರಿನ ಒಳಕ್ಕೆ ಕೈ ಹಾಕುವುದರಿಂದ. 2018ರಲ್ಲಿ ಕ್ರೋಮ್‌ನವರು, ಹೊರಗಿನ ಸಾಧನಗಳು ಹೀಗೆ ಒಳಗೆ ಕೈ ಹಾಕುವುದರಿಂದಲೇ ಬ್ರೌಸರು ಆಗಾಗ ಕುಸಿಯುತ್ತದೆಂದು ಹೇಳಿ ವಿಂಡೋಸಿನಲ್ಲಿ ಅದನ್ನು ತಡೆಯತೊಡಗಿದರು. ಅದರ ಮೇಲೆ ಪೆಟ್ಟಿಗೆಯೂ ಸೇರಿದರೆ ಪುಟ ಬಿಳಿಯಾಗುವುದು, ತಡವಾಗುವುದು ಆಗುತ್ತದೆ. ನನ್ನಂತೆ ಕಾವಲು ಆರಿಸುವುದು ಇದಕ್ಕೆ ಮದ್ದಲ್ಲ. ಎರಡನ್ನೂ ಹೊಸತಕ್ಕೆ ಏರಿಸಿಕೊಳ್ಳಬೇಕು. ಸ್ಯಾಂಡ್‌ಬಾಕ್ಸಿಯಲ್ಲಿ ಬೇರೆ ಸಾಧನಗಳೊಡನೆ ಹೊಂದಿಸುವ ಪಟ್ಟಿಯೊಂದಿದೆ, ಅದರಲ್ಲಿ ನಿಮ್ಮ ಆಂಟಿವೈರಸ್ಸಿನ ಹೆಸರಿದ್ದರೆ ಗುರುತು ಹಾಕಬೇಕು. ನಮ್ಮಲ್ಲಿ ಅಷ್ಟು ಮಾಡಿದ್ದೇ ತಡ, ಎಲ್ಲ ಸರಿಯಾಯಿತು. ಹತ್ತು ನಿಮಿಷದ ಕೆಲಸ!

ಇನ್ನೊಂದು ಸೂಕ್ಷ್ಮ. ನಿಮ್ಮ ಆಂಟಿವೈರಸ್ಸು ಬ್ರೌಸರಿಗೆ ಜೋಡಿಸಿದ ತುಂಡಿನ ಮೂಲಕ ಕಾಯುವುದಾದರೆ, ಪೆಟ್ಟಿಗೆಯೊಳಗೆ ತೆರೆಯುವ ಬ್ರೌಸರಿನಲ್ಲೂ ಆ ತುಂಡು ಇದೆಯೇ ನೋಡಿಕೊಳ್ಳಿ. ವಿಂಡೋಸ್ ಸ್ಯಾಂಡ್‌ಬಾಕ್ಸಿನೊಳಗಂತೂ ನೀವು ಹಾಕಿಸಿಕೊಂಡ ಆಂಟಿವೈರಸ್ಸು ಜೊತೆಗೆ ಬರುವುದಿಲ್ಲ. ಅದು ಬೇರೆಯೇ ಮನೆ. ಇದೆಲ್ಲ ತಲೆನೋವು ಎನ್ನುವವರಿಗೆ ಇನ್ನೊಂದು ದಾರಿ: ಪುಣೆಯ ಕ್ವಿಕ್ ಹೀಲ್ ಮುಂತಾದ ಕೆಲವು ಕಂಪೆನಿಗಳ ಆಂಟಿವೈರಸ್ಸಿನಲ್ಲೇ ಬ್ಯಾಂಕಿನ ಕೆಲಸಕ್ಕೆಂದು ಪ್ರತ್ಯೇಕ ಸುರಕ್ಷಿತ ಕಿಟಕಿ ಸಿಗುತ್ತದೆ. ಒಂದೇ ಕಂಪೆನಿಯದ್ದಾದ್ದರಿಂದ ಜಗಳ ಕಡಿಮೆ.

ಮನೆಯಲ್ಲಿ ಮಾಡಿ ನೋಡಿ

1. ಕಾವಲು ಎಚ್ಚರವಾಗಿದೆಯೇ ಎಂದು ಪರೀಕ್ಷಿಸಿ. ಐಕಾರ್ ಎಂಬ ಪರೀಕ್ಷಾ ಕಡತವೊಂದಿದೆ. ಬರೀ 68 ಅಕ್ಷರಗಳದ್ದು, ಯಾವ ಹಾನಿಯೂ ಇಲ್ಲ. ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ಸೆಂದೇ ಹಿಡಿಯಬೇಕೆಂದು ಒಪ್ಪಂದ. ಐಕಾರ್ ಸಂಸ್ಥೆಯ ಪುಟದಿಂದ ಅದನ್ನು ಒಮ್ಮೆ ಮಾಮೂಲಿ ಬ್ರೌಸರಿನಲ್ಲಿ, ಒಮ್ಮೆ ಪೆಟ್ಟಿಗೆಯೊಳಗಿನ ಬ್ರೌಸರಿನಲ್ಲಿ ಇಳಿಸಿ ನೋಡಿ. ಎರಡು ಸಲವೂ ಆಂಟಿವೈರಸ್ಸು ಕೂಗಬೇಕು. ಪೆಟ್ಟಿಗೆಯೊಳಗೆ ಕೂಗದಿದ್ದರೆ ಅಲ್ಲಿ ಕಾವಲಿಲ್ಲ ಎಂದು ತಿಳಿಯಿರಿ.

2. ಸಂತೆಗೂ ಬ್ಯಾಂಕಿಗೂ ಬೇರೆ ಬೇರೆ ಕಿಟಕಿ ಇರಲಿ. ಡಿಸೈನು, ಸಿನೆಮಾ, ಉಚಿತ ಪುಸ್ತಕ ಮುಂತಾದ ಗದ್ದಲದ ಪುಟಗಳಿಗೆ ಪೆಟ್ಟಿಗೆ. ಬ್ಯಾಂಕಿನ ಕೆಲಸಕ್ಕೆ ಬೇರೆ ಬ್ರೌಸರು, ಇಲ್ಲವೇ ಆಗಷ್ಟೇ ಗುಡಿಸಿದ ಖಾಲಿ ಪೆಟ್ಟಿಗೆ. ಸಂತೆಗೆ ಹೋದ ಚೀಲದಲ್ಲೇ ಒಡವೆ ಇಡುವುದುಂಟೇ?

3. ಕೆಲಸ ಮುಗಿದ ಕೂಡಲೇ ಪೆಟ್ಟಿಗೆ ಗುಡಿಸಿ. ಇಳಿಸಿದ್ದನ್ನು ಹೊರಗೆ ತೆಗೆಯಲೇ ಎಂದು ಅದು ಕೇಳುತ್ತದೆ. ಚಿತ್ರವೋ ಕಾಗದವೋ ಆದರೆ ಆಂಟಿವೈರಸ್ಸಿನಿಂದ ನೋಡಿಸಿ ತೆಗೆಯಿರಿ. ಕಡತದ ಹೆಸರು ಡಾಟ್ ಇಎಕ್ಸ್‌ಇ ಎಂದು ಮುಗಿದರೆ ಅದು ಡಿಸೈನಲ್ಲ, ಓಡುವ ಸಾಧನ. ಅದನ್ನು ಅಲ್ಲೇ ಬಿಡಿ. ಹೊರಗೆ ತಂದ ಮೇಲೆ ಪೆಟ್ಟಿಗೆಯ ರಕ್ಷಣೆ ಇಲ್ಲ.

4. ಬ್ಯಾಂಕಿನ ವಿಳಾಸವನ್ನು ಹುಡುಕಿ ತೆರೆಯಬೇಡಿ. ಒಮ್ಮೆ ಸರಿಯಾಗಿ ಬರೆದು ಗುರುತು ಮಾಡಿಟ್ಟು, ಅದನ್ನೇ ಒತ್ತಿ. ಭಾರತೀಯ ರಿಸರ್ವ್ ಬ್ಯಾಂಕು 2025ರಲ್ಲಿ, ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಹೇಳಿತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ವಿಳಾಸದ ಬಾಲ ನೋಡುವ ಅಭ್ಯಾಸ ಮಾಡಿಕೊಳ್ಳಿ.

5. ಕೆಂಪು ಪುಟ ಬಂದರೆ ಹಿಂದೆ ಬನ್ನಿ. "ಆದರೂ ಮುಂದುವರಿ" ಎಂಬ ಸಣ್ಣ ಅಕ್ಷರವನ್ನು ಒತ್ತಬೇಡಿ.

6. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವಿದ್ದವರು ಮಕ್ಕಳೊಡನೆ ವಿಚಾರಿಸಿ. ಬಾಗಿಲೇ ಗೆದ್ದಲು ಹಿಡಿದರೆ ಕಾವಲುಗಾರನೊಬ್ಬನಿಂದ ಆಗದು.

7. ಫೋಟೋ, ದಾಖಲೆಗಳ ಒಂದು ಪ್ರತಿ ಬೇರೆ ಕಡೆ ಇರಲಿ. 2019ರ ಆಗಸ್ಟ್ ನೆರೆ ನಮ್ಮ ಚಾರ್ಮಾಡಿ ಕಡೆಯವರಿಗೆ ಮರೆಯುವಂಥದ್ದಲ್ಲ. ಕಾಗದಪತ್ರವನ್ನು ಎರಡು ಕಡೆ ಇಡಬೇಕೆಂಬ ಬುದ್ಧಿ ಆಗಲೇ ಬಂದದ್ದು. ಪೆನ್‌ಡ್ರೈವಿಗೆ ಹಾಕಿ ತೆಗೆದು ಬೀರುವಿನಲ್ಲಿಡಿ. ಯಂತ್ರಕ್ಕೆ ಚುಚ್ಚಿಯೇ ಬಿಡಬೇಡಿ.

ಫೋನಿನದ್ದೂ ಒಂದು ಮಾತು

ನಮ್ಮಲ್ಲಿ ಲ್ಯಾಪ್‌ಟಾಪಿಗಿಂತ ಫೋನೇ ಹೆಚ್ಚು. ಆಂಡ್ರಾಯ್ಡ್ ಫೋನಿನಲ್ಲಿ ಒಂದೊಂದು ಆ್ಯಪ್ ಕೂಡ ತನ್ನದೇ ಪೆಟ್ಟಿಗೆಯೊಳಗೆ ಇರುತ್ತದೆ, ಒಂದು ಇನ್ನೊಂದರ ಕಡತಕ್ಕೆ ಕೈ ಹಾಕಲಾರದು. ಹಾಗಿದ್ದೂ ಮೋಸ ಹೇಗೆ? ಮದುವೆ ಕಾಗದವೆಂದೋ ಸರಕಾರಿ ಸಹಾಯಧನವೆಂದೋ ವಾಟ್ಸಾಪಿನಲ್ಲಿ 'ಎಪಿಕೆ' ಕಡತ ಬರುತ್ತದೆ. ಒತ್ತಿದರೆ ಮೆಸೇಜು ಓದಲು ಬಿಡುತ್ತೀರಾ, ಪರದೆ ನೋಡಲು ಬಿಡುತ್ತೀರಾ ಎಂದು ಕೇಳುತ್ತದೆ. ನಾವು "ಹೂಂ" ಎಂದರೆ ಗೋಡೆಗೆ ನಾವೇ ಕಿಂಡಿ ಕೊರೆದಂತೆ. ಮದುವೆಗೆ ಕರೆಯುವವರು ಚಿತ್ರ ಕಳಿಸುತ್ತಾರೆ, ಆ್ಯಪ್ ಕಳಿಸುವುದಿಲ್ಲ. ಪ್ಲೇ ಸ್ಟೋರಿನ ಹೊರಗಿಂದ ಬಂದದ್ದನ್ನು ಹಾಕಿಕೊಳ್ಳಲೇಬೇಡಿ.

ಮೋಸ ಆಗಿಹೋದರೆ?

ಅಳುತ್ತಾ ಕೂರುವ ಹೊತ್ತು ಅದಲ್ಲ. ಕೂಡಲೇ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆಂದೇ ಇರುವ ಸರಕಾರಿ ಸಂಖ್ಯೆ ಅದು. ಜೊತೆಗೇ ಬ್ಯಾಂಕಿಗೂ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಿ. 'ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್' ಎಂಬಲ್ಲಿ ದೂರು ಬರೆಯಬಹುದು. ಬೇರೆ ಯಂತ್ರದಿಂದ ಪಾಸ್‌ವರ್ಡು ಬದಲಿಸಿ. ಮೆಸೇಜು, ಪುಟದ ಚಿತ್ರ ಯಾವುದನ್ನೂ ಅಳಿಸಬೇಡಿ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಲ್ಲಿ, ನಮ್ಮ ಅಜಾಗ್ರತೆಯಿಂದ ಹೋದದ್ದಾದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದ್ದೆಂದು ಹೇಳಿತ್ತು. ಅಂದರೆ ಒಂದೊಂದು ನಿಮಿಷಕ್ಕೂ ಬೆಲೆಯುಂಟು.

ನಾವು ಅರ್ಧ ಗಂಟೆಯೊಳಗೆ ಫೋನ್ ಮಾಡಿದ್ದರಿಂದ 11,000 ರೂಪಾಯಿ ಮುಂದಿನ ಖಾತೆಯಲ್ಲೇ ತಡೆಯಲ್ಪಟ್ಟಿತು. ಕೆಲವು ತಿಂಗಳು ಓಡಾಡಿದ ಮೇಲೆ ಕೈಗೆ ಬಂತು. ಉಳಿದ 7,500 ಹೋದದ್ದೇ.

ಕೊನೆಗೊಂದು ಮಾತು. ಆ ರಾತ್ರಿ ನನಗೆ ದುಡ್ಡಿಗಿಂತ ಹೆಚ್ಚಾಗಿ ಕಾಡಿದ್ದು, ಸಂಘದವರಿಗೆ ಹೇಗೆ ಮುಖ ತೋರಿಸಲಿ ಎಂಬುದು. ದೀಪಾವಳಿಗೆಂದು ಕೂಡಿಟ್ಟದ್ದನ್ನು ತೆಗೆದು 7,200 ಕಟ್ಟಿ, ಯಾರಿಗೂ ಹೇಳದೆ ಸುಮ್ಮನಿರೋಣ ಎಂದುಕೊಂಡೆ. "ಬೇಡ, ಹೇಳು. ನಾಳೆ ಅವರಿಗೂ ಆಗಬಾರದಲ್ವಾ?" ಎಂದರು ನಮ್ಮವರು. ವಾರದ ಸಭೆಯಲ್ಲಿ ತಲೆತಗ್ಗಿಸಿಕೊಂಡು ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಸಭೆ ಮುಗಿದು ಚಾಪೆ ಸುತ್ತುವಾಗ ಒಬ್ಬಾಕೆ ಹತ್ತಿರ ಬಂದು, "ಅಕ್ಕಾ, ನಂಗೂ ಹೀಗೇ ಆಗಿ ನಾಲ್ಕು ಸಾವಿರ ಹೋಗಿದೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ" ಎಂದು ಕಣ್ಣೊರೆಸಿಕೊಂಡಳು. ಎಂಟು ತಿಂಗಳು ಒಬ್ಬಳೇ ನುಂಗಿಕೊಂಡಿದ್ದಳು ಪಾಪ. ಆಗಲೇ ಹೇಳಿದ್ದರೆ ಅವಳ ದುಡ್ಡೂ ತಡೆಯಲ್ಪಡುತ್ತಿತ್ತೋ ಏನೋ, ನಾನೂ ಎಚ್ಚರವಾಗಿರುತ್ತಿದ್ದೆನೋ ಏನೋ.

ಈಗ ನಮ್ಮ ಸಂಘದಲ್ಲಿ ತಿಂಗಳಿಗೊಮ್ಮೆ ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಮಾತು ಆಡುತ್ತೇವೆ. ಯಾರಿಗೆ ಎಂಥ ಮೆಸೇಜು ಬಂತು, ಯಾವ ಪುಟ ಕೆಂಪಾಯಿತು ಎಂದು ಒಬ್ಬರಿಗೊಬ್ಬರು ತೋರಿಸುತ್ತೇವೆ. ಸಂಘದ ದುಡ್ಡನ್ನು ಯಾರೂ ತಮ್ಮ ಖಾತೆಯಲ್ಲಿ ರಾತ್ರಿ ಇಟ್ಟುಕೊಳ್ಳಬಾರದೆಂದೂ ನಿಯಮ ಮಾಡಿಕೊಂಡಿದ್ದೇವೆ. ನೀವೂ ನಿಮ್ಮೂರಿನಲ್ಲಿ ಹೀಗೆ ಮಾಡಿ ನೋಡಿ. ಇವತ್ತು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ನಿಮ್ಮ ಯಂತ್ರದ ವೆಬ್ ರಕ್ಷಣೆ ಆರಿದೆಯೇ ಹತ್ತಿದೆಯೇ ಎಂದು ಒಮ್ಮೆ ನೋಡಿಬಿಡಿ.